ಗೋವಾದ ವಿಚ್ಛೇದನ ಕಾನೂನಿನ ಹಿಂದೊಬ್ಬ ಕವಿ

ಏಕರೂಪ ನಾಗರಿಕ ಸಂಹಿತೆಯ ಚರ್ಚೆ ಎದ್ದಾಗಲೆಲ್ಲ ಗೋವಾದ ಹೆಸರು ಬಂದೇ ಬರುತ್ತದೆ. ಆದರೆ ಅಲ್ಲಿನ ವಿಚ್ಛೇದನ ಕಾನೂನಿನ ತಾರೀಖನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. 1910ರ ನವೆಂಬರ್ 3. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು, ಆ ಕಾನೂನು ಹೊರಟಿದ್ದು ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನಿಂದ. ಆಗ ಅಲ್ಲಿ ಸರ್ಕಾರದ ಮುಖ್ಯಸ್ಥರಾಗಿದ್ದವರು ತಿಯೊಫಿಲೊ ಬ್ರಾಗಾ. ವೃತ್ತಿಯಲ್ಲಿ ಸಾಹಿತ್ಯದ ಮೇಷ್ಟ್ರು, ಜೊತೆಗೆ ಕವಿ.

ಬ್ರಾಗಾ ಹುಟ್ಟಿದ್ದು 1843ರಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್‌ನ ಅಝೋರಿಸ್ ದ್ವೀಪಗಳ ಪೊಂಟಾ ಡೆಲ್ಗಾಡಾ ಊರಿನಲ್ಲಿ. ಚಿಕ್ಕಂದಿನಲ್ಲೇ ತಾಯಿ ಹೋದರು. ಹುಡುಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದನ್ನು ಕಲಿತ. ಹದಿನಾರಕ್ಕೆಲ್ಲ ಮೊದಲ ಕವನ ಸಂಕಲನ ಹೊರಬಂತು. ಆಮೇಲೆ ಪೋರ್ಚುಗಲ್‌ನ ಕೋಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದು. ಖರ್ಚಿಗೆ ಪಾಠ ಹೇಳುವುದು, ಅನುವಾದ ಮಾಡುವುದು.

1865ರಲ್ಲಿ ಅಲ್ಲೊಂದು ಜಗಳ ಹೊತ್ತಿಕೊಂಡಿತು. ಹಿರಿಯ ಕವಿ ಕಾಸ್ಟಿಲ್ಯೊ ಹೊಸಬರ ಬರವಣಿಗೆಯನ್ನು ಚುಚ್ಚಿದರು. ಯುವ ಕವಿ ಆಂಟೆರೊ ಡಿ ಕೆಂಟಾಲ್ ಖಾರವಾಗಿ ಉತ್ತರ ಕೊಟ್ಟರು. ಬ್ರಾಗಾ ಕೂಡ ಅವರ ಜೊತೆ ನಿಂತರು. ಕಾವ್ಯದ ಹೆಸರಿನಲ್ಲಿ ಶುರುವಾದರೂ ಇದು ದೊಡ್ಡವರ ಯಜಮಾನಿಕೆಯ ವಿರುದ್ಧದ ಜಗಳವೇ ಆಗಿತ್ತು.

1872ರಲ್ಲಿ ಬ್ರಾಗಾ ಹುದ್ದೆಗಾಗಿ ನಡೆದ ಸ್ಪರ್ಧೆಯಲ್ಲಿ ಗೆದ್ದು ಲಿಸ್ಬನ್‌ನಲ್ಲಿ ಪ್ರಾಧ್ಯಾಪಕರಾದರು. ಜನಪದ ಹಾಡು, ಕಥೆಗಳನ್ನು ರಾಶಿ ರಾಶಿ ಕಲೆಹಾಕಿದರು. ಬರೆದದ್ದು ಜಾಸ್ತಿ, ಅವಸರವೂ ಜಾಸ್ತಿ. ಹಾಗಾಗಿ ತಪ್ಪುಗಳೂ ಉಳಿದವು. 1880ರಲ್ಲಿ ಪೋರ್ಚುಗೀಸ್ ಮಹಾಕವಿ ಕಮೊಯೆಂಸ್ ತೀರಿಕೊಂಡು 300 ವರ್ಷವಾಗಿತ್ತು. ಆ ಸ್ಮರಣೆಯ ಸಂಭ್ರಮಕ್ಕೆ ದುಡಿದವರಲ್ಲಿ ಬ್ರಾಗಾ ಮುಖ್ಯರು. ಅರಸೊತ್ತಿಗೆ ಬೇಡ ಎನ್ನುವವರಿಗೆ ಆ ಮೆರವಣಿಗೆ ಬಲ ತೋರಿಸುವ ಜಾಗವೂ ಆಯಿತು.

1910ರ ಅಕ್ಟೋಬರ್ 5ರಂದು ಗಣರಾಜ್ಯ ಬಂತು. ದೊರೆ ಎರಡನೇ ಮ್ಯಾನುಯೆಲ್ ಹಡಗು ಹತ್ತಿದ. ತಾತ್ಕಾಲಿಕ ಸರ್ಕಾರದ ಹೊಣೆ 67ರ ಬ್ರಾಗಾ ಅವರ ಹೆಗಲಿಗೆ ಬಿತ್ತು. ಎಲ್ಲರೂ ಗೌರವಿಸುವ, ಯಾರಿಗೂ ಪೈಪೋಟಿ ಕೊಡದ ಹಿರಿಯ ಅಂತ ಅವರನ್ನು ಕೂರಿಸಿದರು ಅನ್ನಿಸುತ್ತದೆ. ಕಾನೂನು ಬರೆಯುವ ಚುರುಕು ಕೆಲಸವೆಲ್ಲ ನ್ಯಾಯ ಮಂತ್ರಿ ಅಫೊನ್ಸೊ ಕೋಸ್ಟಾ ಅವರದು. ತಿಂಗಳು ತುಂಬುವ ಮೊದಲೇ ವಿಚ್ಛೇದನ ಕಾನೂನು, ಕ್ರಿಸ್ಮಸ್ ದಿನ ಮದುವೆ ಕಾನೂನು, ಮುಂದಿನ ಏಪ್ರಿಲ್‌ನಲ್ಲಿ ಚರ್ಚನ್ನು ಸರ್ಕಾರದಿಂದ ಬೇರೆ ಮಾಡುವ ಕಾನೂನು. ಚರ್ಚ್ ಕೆರಳಿತು. ಕೆರಳದೆ ಇರುತ್ತದೆಯೇ?

ಬ್ರಾಗಾ ಮಾತ್ರ ಹಳೆ ಮೇಷ್ಟ್ರಾಗಿಯೇ ಉಳಿದರು. ಕಂಕುಳಲ್ಲಿ ಛತ್ರಿ, ಓಡಾಟಕ್ಕೆ ಟ್ರಾಮ್. ಮಕ್ಕಳು ಎಷ್ಟೋ ಮೊದಲೇ ತೀರಿಕೊಂಡಿದ್ದರು. 1911ರಲ್ಲಿ ಹೆಂಡತಿಯೂ ಹೋದರು. 1915ರಲ್ಲಿ ಅಧ್ಯಕ್ಷ ಅರಿಯಾಗಾ ರಾಜೀನಾಮೆ ಕೊಟ್ಟಾಗ ಬ್ರಾಗಾ ಕೆಲವು ತಿಂಗಳು ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. 1924ರಲ್ಲಿ ಲಿಸ್ಬನ್‌ನಲ್ಲೇ ತೀರಿಕೊಂಡರು.

ಅವರ ಕಾಲದ ಕಾನೂನು ಗೋವಾಕ್ಕೂ ಬಂತು. ಗಣರಾಜ್ಯ ಬಂದ ಮೇಲೆ ಅಲ್ಲಿನ ಹಿಂದೂಗಳಿಗೆ ಧರ್ಮದ ಸ್ವಾತಂತ್ರ್ಯವೂ ಹೆಚ್ಚಿತು. 1961ರಲ್ಲಿ ಪೋರ್ಚುಗೀಸರು ಹೋದರು, ಆದರೆ 1962ರ ಭಾರತದ ಕಾಯ್ದೆ ಹಳೆಯ ಕಾನೂನುಗಳನ್ನು ಉಳಿಸಿಕೊಂಡಿತು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ 1910ರ ಆ ಕಾನೂನಿನಲ್ಲೇ ಇತ್ತು. ನಮ್ಮ ಹಿಂದೂ ವಿವಾಹ ಕಾಯ್ದೆಗೆ ಅದು ಸೇರಿದ್ದು 1976ರಲ್ಲಿ.