ಸಾಲಿಯಲ್ಲಿ ಎಡಿಎಚ್‌ಡಿ ಇರಬಹುದು ಅಂದರು, ಯಾವ ಟೆಸ್ಟ್ ಮಾಡಿಸಬೇಕು?

ಪ್ರಶ್ನೆ: ನಾವು ಬನಹಟ್ಟಿಯವರು. ಮಗನಿಗೆ ಎಂಟು ವರ್ಷ, ಮೂರನೇ ಇಯತ್ತೆ. ಕುಂತಲ್ಲಿ ಕೂರುವುದಿಲ್ಲ, ಅರ್ಧ ಬರೆದು ಎದ್ದು ಹೋಗುತ್ತಾನೆ. ಸಾಲಿಯ ಅಕ್ಕೋರು 'ಎಡಿಎಚ್‌ಡಿ ಇರಬಹುದು, ಡಾಕ್ಟರಿಗೆ ತೋರಿಸಿ' ಅಂದರು. ಅತ್ತೆಯವರು 'ಅವರಪ್ಪನೂ ಹಿಂಗ ಉಡಾಳ ಇದ್ದ, ದೊಡ್ಡವನಾದರೆ ಸರಿ ಹೋಗ್ತಾನ' ಅನ್ನುತ್ತಾರೆ. ಮೊಬೈಲ್ ಕೊಟ್ಟರೆ ಎರಡು ತಾಸು ಕದಲುವುದಿಲ್ಲ. ತಲೆಯ ಸ್ಕ್ಯಾನ್ ಮಾಡಿಸಬೇಕಾ? ಯಾವ ಟೆಸ್ಟಿನಲ್ಲಿ ಇದು ಗೊತ್ತಾಗುತ್ತದೆ?

ಉತ್ತರ: ತಂಗಿ, ಇದಕ್ಕಾಗಿ ಸ್ಕ್ಯಾನಿಗೆ ದುಡ್ಡು ಕಟ್ಟಬೇಡಿ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವ, ಅತಿ ಚಟುವಟಿಕೆ ಮತ್ತು ಆತುರದ ತೊಂದರೆ. ಅದು ಇದೆ ಅಥವಾ ಇಲ್ಲ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ, ಎಂಆರ್‌ಐ ಕೂಡ ಇಲ್ಲ. ಮಗುವನ್ನು ದಿನಾ ನೋಡುವವರು ಏನು ಹೇಳುತ್ತಾರೆ ಅನ್ನುವುದನ್ನು ಕೂಡಿಸಿ, ತೂಗಿ ನೋಡಿ ವೈದ್ಯರು ಇದನ್ನು ಗುರುತಿಸುತ್ತಾರೆ. ಹಾಗಂತ ಇದು ಅಂದಾಜಿನ ಮಾತಲ್ಲ. ಇದಕ್ಕೊಂದು ಲೆಕ್ಕ ಇದೆ.

2013ರಲ್ಲಿ ಬಂದ ಡಿಎಸ್‌ಎಂ-5 ಎಂಬ, ಮಾನಸಿಕ ತೊಂದರೆಗಳನ್ನು ಗುರುತಿಸುವ ಕೈಪಿಡಿಯ ಲೆಕ್ಕವನ್ನು ವೈದ್ಯರು ಹೆಚ್ಚಾಗಿ ಅನುಸರಿಸುತ್ತಾರೆ. ಅದರಲ್ಲಿ ಗಮನ ನಿಲ್ಲದಿರುವುದಕ್ಕೆ ಒಂಬತ್ತು ಲಕ್ಷಣಗಳಿವೆ. ಅತಿ ಚಟುವಟಿಕೆ ಮತ್ತು ಆತುರಕ್ಕೆ ಇನ್ನೊಂಬತ್ತು. ರಬ್ಬರ್, ಪೆನ್ಸಿಲ್ ದಿನಾ ಕಳೆದುಕೊಳ್ಳುವುದು, ಹೇಳಿದ ಕೆಲಸ ನಡುವೆಯೇ ಬಿಡುವುದು, ಎದುರಿಗೆ ನಿಂತು ಮಾತಾಡಿದರೂ ಕೇಳಿಸದ ಹಾಗೆ ಇರುವುದು ಮೊದಲ ಗುಂಪಿನವು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವುದು, ಬಿಸಿಯೂಟದ ಸಾಲಿನಲ್ಲಿ ತನ್ನ ಪಾಳಿ ಬರುವ ತನಕ ನಿಲ್ಲಲಾರದೆ ಒದ್ದಾಡುವುದು, ಎಲ್ಲರೂ ಕೂತಾಗ ತಾನೊಬ್ಬನೇ ಓಡಾಡುವುದು ಎರಡನೆಯ ಗುಂಪಿನವು. ಯಾವುದಾದರೂ ಒಂದು ಗುಂಪಿನ ಆರು ಲಕ್ಷಣವಾದರೂ ಆರು ತಿಂಗಳಿನಿಂದ ಇರಬೇಕು. ಆ ವಯಸ್ಸಿನ ಬೇರೆ ಮಕ್ಕಳಿಗಿಂತ ಎದ್ದು ಕಾಣುವಷ್ಟು ಇರಬೇಕು. ಕೆಲವು ಲಕ್ಷಣ 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಅದರಿಂದ ಓದಿಗೋ ಗೆಳೆತನಕ್ಕೋ ಮನೆಯ ಬದುಕಿಗೋ ನಿಜವಾಗಿ ತೊಂದರೆ ಆಗುತ್ತಿರಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಷರತ್ತು ಇನ್ನೊಂದಿದೆ. ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು. ಸಾಲಿಯಲ್ಲಿ ಮಾತ್ರ ಕುಣಿಯುವ ಹುಡುಗನಿಗೆ ಪಾಠವೇ ಅರ್ಥವಾಗುತ್ತಿಲ್ಲವೇನೋ. ಮನೆಯಲ್ಲಿ ಮಾತ್ರ ಹಟ ಮಾಡುವವನಿಗೆ ಮನೆಯಲ್ಲೇ ಏನೋ ಚುಚ್ಚುತ್ತಿರಬಹುದು. ನಾನು ಬಾಗಲಕೋಟೆಯಲ್ಲಿ ಮಕ್ಕಳನ್ನು ನೋಡುತ್ತಾ ಇಪ್ಪತ್ತು ವರ್ಷವಾಯಿತು. ತಾಯಂದಿರು ಸ್ಕ್ಯಾನ್ ರಿಪೋರ್ಟು ತರುತ್ತಾರೆ, ಸಾಲಿಯಿಂದ ಒಂದು ಚೀಟಿ ತರುವುದಿಲ್ಲ. ನನಗೆ ಬೇಕಾಗಿರುವುದು ಆ ಚೀಟಿ. ನನ್ನ ಕೋಣೆಯಲ್ಲಿ ಹತ್ತು ನಿಮಿಷ ಗಪ್ಪಾಗಿ ಕೂತ ಮಗುವನ್ನು ನೋಡಿ 'ಏನೂ ಇಲ್ಲ' ಅಂದರೆ ತಪ್ಪಾಗುತ್ತದೆ. ಹೊಸ ಜಾಗ, ಹೊಸ ಮನುಷ್ಯ ಅಂದರೆ ಎಡಿಎಚ್‌ಡಿ ಇರುವ ಮಗುವೂ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.

ಈ ಮಾಹಿತಿ ಕೂಡಿಸಲು ವಾಂಡರ್‌ಬಿಲ್ಟ್, ಕಾನರ್ಸ್ ಎಂಬ ಪ್ರಶ್ನೆಪಟ್ಟಿಗಳಿವೆ. ತಂದೆತಾಯಿಗೆ ಒಂದು, ಶಿಕ್ಷಕರಿಗೆ ಒಂದು. ಪ್ರತಿ ಸಾಲಿನ ಮುಂದೆ 'ಎಂದೂ ಇಲ್ಲ', 'ಒಮ್ಮೊಮ್ಮೆ', 'ಆಗಾಗ', 'ಬಹಳ ಸಲ' ಅಂತ ಗುರುತು ಹಾಕಬೇಕು. ನಿಮ್ಮ ಮಗನ ವಯಸ್ಸಿಗೆ ವಾಂಡರ್‌ಬಿಲ್ಟ್ ಸರಿಹೋಗುತ್ತದೆ, ಅದು 6ರಿಂದ 12 ವರ್ಷದವರಿಗಾಗಿ ಮಾಡಿದ್ದು. ಅಂಕ ಜಾಸ್ತಿ ಬಂತು ಅಂದ ಮಾತ್ರಕ್ಕೆ ಎಡಿಎಚ್‌ಡಿ ಅಂತ ಆಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ನೀವೇ ತುಂಬಿ ನಿರ್ಧಾರ ಮಾಡಬೇಡಿ.

ಇನ್ನು ಅದೇ ವೇಷದಲ್ಲಿ ಬರುವ ಬೇರೆ ತೊಂದರೆಗಳು. ಇಲ್ಲಿ ಅವಸರ ಮಾಡಲೇಬಾರದು. ನಿಮ್ಮೂರಿನಲ್ಲಿ ಮನೆಮನೆಯಲ್ಲೂ ಪವರ್‌ಲೂಮ್ ಮಗ್ಗ ಇವೆ. ಆ ಸದ್ದಿನಲ್ಲಿ ಮಗು 'ಕರೆದರೆ ಓಗೊಡುವುದಿಲ್ಲ' ಅಂದರೆ ನಾನು ಮೊದಲು ಕಿವಿ ನೋಡುತ್ತೇನೆ. ಕಿವಿ ಸೋರುತ್ತಿದ್ದರೆ ಅಕ್ಕೋರು ಹೇಳಿದ್ದು ಅರ್ಧ ಕೇಳಿಸುತ್ತದೆ, ಅರ್ಧ ಬರವಣಿಗೆ ಆಗುತ್ತದೆ. ಹಲಗೆ ಮೇಲಿನ ಅಕ್ಷರ ಕಾಣದ ಮಗುವೂ ಎದ್ದು ಓಡಾಡುತ್ತದೆ. ರಾತ್ರಿ ಗೊರಕೆ ಹೊಡೆದು, ಬಾಯಿ ತೆರೆದು ಮಲಗುವ ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿನ ಗಂಟು) ದಪ್ಪವಾಗಿ ನಿದ್ದೆ ಕೆಟ್ಟಿರಬಹುದು. ನಿದ್ದೆ ಕೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಇನ್ನೂ ಜಾಸ್ತಿ ಕುಣಿಯುತ್ತಾರೆ. ಮಾತಾಡುತ್ತಲೇ ಕೆಲವು ಸೆಕೆಂಡ್ ದಿಟ್ಟಿಸಿ ನಿಂತುಬಿಟ್ಟು, ಮತ್ತೆ ಏನೂ ಆಗದ ಹಾಗೆ ಮುಂದುವರಿದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು. ಆಗ ಮಾತ್ರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ ಬೇಕಾಗುತ್ತದೆ. ಮೈ ಬಿಳಿಚಿಕೊಂಡಿದ್ದರೆ ರಕ್ತಹೀನತೆಗೆ ಪರೀಕ್ಷೆ ಮಾಡಿಸುತ್ತೇವೆ.

ಓದಲು, ಬರೆಯಲು ಬಾರದ ಕಲಿಕಾ ನ್ಯೂನತೆ ಬೇರೆ, ಎಡಿಎಚ್‌ಡಿ ಬೇರೆ. ಆದರೆ ಎರಡೂ ಒಂದೇ ಮಗುವಿನಲ್ಲಿ ಇರುವುದು ಅಪರೂಪವಲ್ಲ. ಅದಕ್ಕೇ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಓದು, ಲೆಕ್ಕ, ಬುದ್ಧಿಮಟ್ಟದ ಪರೀಕ್ಷೆಗೂ ಕಳಿಸುತ್ತೇವೆ. ಕಬ್ಬು ಕಡಿಯಲು ಹೋಗುವ ತಂದೆತಾಯಿಯ ಹಿಂದೆ ತಿಂಗಳುಗಟ್ಟಲೆ ಸಾಲಿ ಬಿಟ್ಟ ಮಗು, ಮನೆಯಲ್ಲಿ ಕುಡಿತ, ಹೊಡೆತ ನೋಡಿದ ಮಗು, ಕನ್ನಡ ಬಿಟ್ಟು ಒಮ್ಮೆಲೇ ಇಂಗ್ಲಿಷ್ ಮೀಡಿಯಂ ಸೇರಿದ ಮಗು, ಇವರ ಕಥೆಯನ್ನೂ ಕೇಳಬೇಕು. ಆ ಕಥೆ ಮಗುವಿನ ಮುಂದೆ ಹೇಳಲು ಕಷ್ಟವಾದರೆ ಹೊರಗೆ ಕೂರಿಸಿ ಹೇಳಿ. ಮುಚ್ಚಿಡಬೇಡಿ.

ಮಗನ ಹುಟ್ಟಿದ ತಾರೀಖನ್ನೂ ಒಮ್ಮೆ ನೋಡಿ. ಒಂದೇ ತರಗತಿಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಚಿಕ್ಕವನಿರುವ ಹುಡುಗ ದೊಡ್ಡವರ ಪಕ್ಕ ಚಂಚಲವಾಗಿಯೇ ಕಾಣುತ್ತಾನೆ. ತರಗತಿಯ ಅತಿ ಕಿರಿಯರಿಗೆ ಈ ಹಣೆಪಟ್ಟಿ ಜಾಸ್ತಿ ಬೀಳುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ಮೊಬೈಲ್ ವಿಷಯಕ್ಕೆ ಬರೋಣ. 'ಗೇಮ್ ಆಡುವಾಗ ಗಮನ ಇರುತ್ತಲ್ಲಾ, ಓದುವಾಗ ಮಾತ್ರ ನಾಟಕ' ಅಂತ ಬಹಳ ಮಕ್ಕಳು ಏಟು ತಿನ್ನುತ್ತಾರೆ. ನನಗೆ ತುಂಬಾ ಸಂಕಟವಾಗುತ್ತದೆ. ಗೇಮ್ ಕ್ಷಣಕ್ಷಣಕ್ಕೂ ಹೊಸದೇನೋ ಕೊಡುತ್ತದೆ, ಗೆಲುವು ಕೊಡುತ್ತದೆ. ಮಗ್ಗಿ ಬರೆಯುವಾಗ ಅದ್ಯಾವುದೂ ಸಿಗುವುದಿಲ್ಲ. ಬೇಸರದ ಕೆಲಸಕ್ಕೂ ಮನಸ್ಸನ್ನು ಎಳೆದು ನಿಲ್ಲಿಸುವುದೇ ಈ ಮಕ್ಕಳಿಗೆ ಕಷ್ಟ. ಹಾಗಾಗಿ ಮೊಬೈಲ್ ಮುಂದೆ ಕೂರುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಎಡಿಎಚ್‌ಡಿ ಇಲ್ಲ ಅನ್ನಲು ಬರುವುದಿಲ್ಲ.

ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಎಡಿಎಚ್‌ಡಿ ವಂಶದಲ್ಲಿ ಹರಿದು ಬರುವುದು ಬಹಳ ಸಾಮಾನ್ಯ. ಯಜಮಾನರು ಚಿಕ್ಕವರಿದ್ದಾಗ ಹೇಗಿದ್ದರು ಅಂತ ಅತ್ತೆಯವರಿಂದಲೇ ಕೇಳಿ ಬರೆದುಕೊಂಡು ತನ್ನಿ, ನನಗೆ ಉಪಯೋಗವಾಗುತ್ತದೆ. ಆದರೆ 'ಸರಿ ಹೋಗ್ತಾನ' ಅಂತ ಕಾಯುವುದನ್ನು ನಾನು ಒಪ್ಪುವುದಿಲ್ಲ. ಕಾಯುವಷ್ಟು ದಿನ ಅವನು ದಡ್ಡ, ಉಡಾಳ ಅಂತ ಅನ್ನಿಸಿಕೊಳ್ಳುತ್ತಲೇ ಇರುತ್ತಾನೆ. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಕಿಟಕಿ ಕಡೆ ನೋಡುತ್ತಾ ಸುಮ್ಮನೆ ಕೂತವಳು ಯಾರಿಗೂ ತೊಂದರೆ ಕೊಡುವುದಿಲ್ಲ. ಅದಕ್ಕೇ ಅವಳನ್ನು ಯಾರೂ ಡಾಕ್ಟರ ಹತ್ತಿರ ಕರೆತರುವುದಿಲ್ಲ.

ಎಲ್ಲಿಗೆ ಹೋಗಬೇಕು? ಮೊದಲು ಮಕ್ಕಳ ವೈದ್ಯರು. ಸರ್ಕಾರದ ಆರ್‌ಬಿಎಸ್‌ಕೆ ತಂಡ ಸಾಲಿಗೆ ತಪಾಸಣೆಗೆ ಬಂದಾಗಲೂ ಹೇಳಬಹುದು. 18 ವರ್ಷದವರೆಗಿನ ಮಕ್ಕಳನ್ನು ಅವರು ನೋಡುತ್ತಾರೆ, ಎಡಿಎಚ್‌ಡಿ ಅವರ ಪಟ್ಟಿಯಲ್ಲೇ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ವಿಭಾಗ ವಿಚಾರಿಸಿ, ಅದು ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ. ಇನ್ನೂ ಸ್ಪಷ್ಟವಾಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮೊದಲು ಯಾರಾದರೂ ಮಾತಾಡಲಿ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಬರುವಾಗ ಮೂರೂ ವರ್ಷದ ನೋಟ್‌ಬುಕ್ ತನ್ನಿ, ಹೊಸದು ಮಾತ್ರ ಬೇಡ. ಅಕ್ಕೋರಿಂದ ಅರ್ಧ ಹಾಳೆ ಬರೆಸಿಕೊಳ್ಳಿ: ಯಾವ ಪಿರಿಯಡ್ಡಿನಲ್ಲಿ ಜಾಸ್ತಿ ಏಳುತ್ತಾನೆ, ಎಷ್ಟು ಹೊತ್ತು ಕೂರುತ್ತಾನೆ, ಯಾವಾಗ ಚೆನ್ನಾಗಿರುತ್ತಾನೆ. ಕೊನೆಯದನ್ನು ತಪ್ಪದೆ ಕೇಳಿ. ಮತ್ತೆ ಎರಡು ರಾತ್ರಿ ಅವನ ಪಕ್ಕದಲ್ಲಿ ಮಲಗಿ, ಗೊರಕೆ ಇದೆಯಾ ಅಂತ ನೋಡಿ ಬನ್ನಿ.