ಡೆಫ್‌ಮೆಥಡ್ ಯಾಕೆ ಹಳತಾಯಿತು? ಇಮ್ಯಾಕ್ಸ್ ಎಚ್ಚರಿಕೆಗಳ ಹಿಂದಿನ ಕಥೆ

ಇಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್‌ಗಾಗಿ ಲಿಸ್ಪ್ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಂ ಒಂದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿದರೆ ಪರದೆ ತುಂಬಾ ಒಂದೇ ದೂರು: 'ಡೆಫ್‌ಮೆಥಡ್' ಇಮ್ಯಾಕ್ಸ್ 25.1 ಆವೃತ್ತಿಯಿಂದ ಹಳತು, 'ಸಿಎಲ್-ಡೆಫ್‌ಮೆಥಡ್' ಬಳಸಿ. ಮೆಥಡ್ ಅಂದರೆ ಒಂದು ಬಗೆಯ ಡೇಟಾಗಾಗಿ ಬರೆದ ಫಂಕ್ಷನ್, ಅದನ್ನು ಬರೆಯಲು ಬಳಸುವ ಆದೇಶವೇ ಡೆಫ್‌ಮೆಥಡ್. ಕೆಲಸ ನಡೀತಿದೆ ಅಲ್ವಾ ಅಂತ ಜಾಸ್ತಿ ಜನ ಮುಂದೆ ಹೋಗುತ್ತಾರೆ. ತುಮಕೂರಿನಲ್ಲಿ ಲಿಸ್ಪ್ ಕಲಿಯುತ್ತಿರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಎಚ್ಚರಿಕೆಯ ಬಾಯಿ ಮುಚ್ಚಿಸಬೇಡಿ, ಅದು ಎಲ್ಲಿಂದ ಬಂತು ನೋಡಿ.

ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಜಾನ್ ಮೆಕಾರ್ಥಿ ಅವರಿಂದ. ಆಗ ಅದರಲ್ಲಿ ಆಬ್ಜೆಕ್ಟ್, ಅಂದರೆ ಕ್ಲಾಸ್ ಅನ್ನುವ ಅಚ್ಚಿನಿಂದ ಹುಟ್ಟುವ ಡೇಟಾ, ಇರಲಿಲ್ಲ. ಲಿಸ್ಪ್‌ಗೆ ಆಬ್ಜೆಕ್ಟ್ ತಂದ ಎಂಐಟಿಯ ಫ್ಲೇವರ್ಸ್, ಜೆರಾಕ್ಸ್‌ನ ಲೂಪ್ಸ್ ಆಮೇಲೆ ಬಂದವು. ಲಿಸ್ಪ್‌ನ ಪ್ರಮಾಣಿತ ರೂಪವಾದ ಕಾಮನ್ ಲಿಸ್ಪ್‌ಗಾಗಿ 1988ರಲ್ಲಿ ಒಪ್ಪಿಕೊಂಡ ಆಬ್ಜೆಕ್ಟ್ ವ್ಯವಸ್ಥೆ ಸಿಎಲ್‌ಒಎಸ್‌ನಲ್ಲಿ ಮೆಥಡ್ ಕ್ಲಾಸಿನ ಸೊತ್ತಲ್ಲ. ಯಾವ ಮೆಥಡ್ ಓಡಬೇಕು ಅನ್ನುವುದನ್ನು ಎಲ್ಲಾ ಆರ್ಗ್ಯುಮೆಂಟ್‌ಗಳನ್ನೂ (ಫಂಕ್ಷನ್‌ಗೆ ಕೊಡುವ ಮೌಲ್ಯಗಳನ್ನೂ) ನೋಡಿ ತೀರ್ಮಾನಿಸಬಹುದು. ಇದೇ ರುಚಿಯನ್ನು ಇಮ್ಯಾಕ್ಸ್‌ಗೆ ತಂದವರು ಎರಿಕ್ ಲುಡ್ಲಮ್. ಅವರ ಇಐಇಐಒ ಲೈಬ್ರರಿ 2010ರಲ್ಲಿ, 23.2 ಆವೃತ್ತಿಯ ಜೊತೆ, ಇಮ್ಯಾಕ್ಸ್ ಒಳಗೇ ಸೇರಿತು. ಆದರೆ ಅದು ಮೊದಲ ಆರ್ಗ್ಯುಮೆಂಟ್ ಒಂದನ್ನೇ ನೋಡುತ್ತಿತ್ತು. ಈ ಮಿತಿ ಕಳೆಯಲು ಸ್ಟೆಫಾನ್ ಮೊನಿಯೆ ಮೆಥಡ್‌ಗಳ ಕೆಲಸವನ್ನು ಸಿಎಲ್-ಜೆನೆರಿಕ್ ಅನ್ನುವ ಬೇರೆ ಲೈಬ್ರರಿಗೆ ಎತ್ತಿಟ್ಟರು. 2016ರ ಸೆಪ್ಟೆಂಬರ್‌ನಲ್ಲಿ 25.1 ಬಂದಾಗ ಹಳೇ ಹೆಸರುಗಳು ಬಳಕೆಗೆ ಉಳಿದವು, ಎಚ್ಚರಿಕೆಯೂ ಶುರುವಾಯಿತು.

ತಿಪಟೂರಿನ ಕೊಬ್ಬರಿ ಲೆಕ್ಕಕ್ಕೆ 'ಲಾಟ್' ಅಂತ ಒಂದು ಕ್ಲಾಸ್ ಇದೆ ಅಂದುಕೊಳ್ಳಿ, ಅದರಲ್ಲಿ 'ತೂಕ', 'ದರ' ಎರಡು ಸ್ಲಾಟ್ (ಮಾಹಿತಿ ಇಡುವ ಜಾಗ). ಹಳೇ ಪದ್ಧತಿಯಲ್ಲಿ ಹೊಸ ಲಾಟ್ ಹುಟ್ಟಿಸುವಾಗ ಮೊದಲಿಗೆ "ಮೊದಲ ಲಾಟ್" ಅಂತ ಒಂದು ಹೆಸರು ಕೊಡುತ್ತಿದ್ದೆವು. ಈಗ ಕಂಪೈಲರ್ ಅದನ್ನೂ ಹಳತು ಅನ್ನುತ್ತದೆ. ಆ ಹೆಸರು ತೆಗೆದುಬಿಡಿ. ಬೇಕೇ ಬೇಕು ಅಂದರೆ ಅದಕ್ಕೆಂದೇ ಒಂದು ಸ್ಲಾಟ್ ಇಡಿ. 'ಡೆಫ್‌ಮೆಥಡ್' ಬದಲಿಸಿದ ಕಡೆ ಒಳಗಿನ 'ಕಾಲ್-ನೆಕ್ಸ್ಟ್-ಮೆಥಡ್' (ಸಾಲಿನಲ್ಲಿ ಮುಂದಿರುವ ಮೆಥಡ್ ಕರೆಯುವುದು) ಕೂಡ 'ಸಿಎಲ್-ಕಾಲ್-ನೆಕ್ಸ್ಟ್-ಮೆಥಡ್' ಆಗಬೇಕು. ಸುಮ್ನೆ ಹುಡುಕಿ-ಬದಲಿಸಿ ಮಾಡುವಾಗ ತಪ್ಪಿಹೋಗುವುದು ಇದೇ. ಎರಡನ್ನೂ ಒಟ್ಟಿಗೇ ಮಾಡಿ.

ಇವೆಲ್ಲ ಹೆಸರು ಬದಲಾದ ಮಾತು. ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಎಚ್ಚರಿಕೆ ಇನ್ನೊಂದಿದೆ: 'ಗೊತ್ತಿಲ್ಲದ ಸ್ಲಾಟ್'. 'ತೂಕ' ಬದಲು 'ತುಕ' ಅಂತ ಟೈಪಾಗಿದ್ದರೂ ಇದು ಬರುತ್ತದೆ, ಕ್ಲಾಸ್ ಇರುವ ಫೈಲು ಕಂಪೈಲ್ ಹೊತ್ತಿಗೆ ಲೋಡ್ ಆಗಿರದಿದ್ದರೂ ಬರುತ್ತದೆ. ಮೊದಲು ಕಾಗುಣಿತ ನೋಡಿ, ಆಮೇಲೆ ಫೈಲಿನ ತಲೆಯಲ್ಲಿ ಆ ಕ್ಲಾಸಿನ ಫೈಲನ್ನು ಲೋಡ್ ಮಾಡಿಸುವ 'ರಿಕ್ವೈರ್' ಇದೆಯಾ ನೋಡಿ. ನೂರು ಹಳತು-ಹೊಸತು ಎಚ್ಚರಿಕೆಗಳ ನಡುವೆ ಇಂಥದ್ದೊಂದು ಕಣ್ಣಿಗೇ ಬೀಳುವುದಿಲ್ಲ. ಉಳಿದದ್ದನ್ನು ಚೊಕ್ಕ ಮಾಡಿ ಅನ್ನುವುದು ಅದಕ್ಕೇ.

ಎಲ್ಲ ಸರಿ ಮಾಡಿದ ಮೇಲೂ ವಿಚಿತ್ರ ದೋಷ ಬಂದರೆ ಹಳೇ ಡಾಟ್-ಇಎಲ್‌ಸಿ (ಕಂಪೈಲಾದ) ಫೈಲುಗಳನ್ನು ಅಳಿಸಿ. ಮ್ಯಾಕ್ರೋಗಳು (ಬೇರೆ ಕೋಡ್ ಆಗಿ ಬಿಚ್ಚಿಕೊಳ್ಳುವ ಆದೇಶಗಳು, ಡೆಫ್‌ಮೆಥಡ್ ಕೂಡ ಒಂದು) ಕಂಪೈಲ್ ಹೊತ್ತಿನಲ್ಲೇ ಬಿಡಿಸಿಕೊಂಡು ಆ ಫೈಲಿನೊಳಗೆ ಕೂತಿರುತ್ತವೆ, ಹಾಗಾಗಿ 24ರಲ್ಲಿ ಕಂಪೈಲಾದದ್ದು 25ರಲ್ಲಿ ಕೈಕೊಡಬಹುದು. ನಿಮ್ಮ ಬಳಕೆದಾರರಲ್ಲಿ ಇನ್ನೂ 24 ಇಟ್ಟುಕೊಂಡವರಿದ್ದರೆ ಇಮ್ಯಾಕ್ಸ್ ಪ್ಯಾಕೇಜ್‌ಗಳ ಭಂಡಾರವಾದ ಗ್ನೂ ಎಲ್ಪಾದಲ್ಲಿ ಸಿಎಲ್-ಜೆನೆರಿಕ್ ಪ್ಯಾಕೇಜ್ ಇದೆ. ಅದನ್ನು ಹಾಕಿಕೊಂಡರೆ ಹೊಸ ಹೆಸರುಗಳು ಅಲ್ಲೂ ನಡೆಯುತ್ತವೆ.