‘ಎಷ್ಟ್ ಶಬ್ದ ಅದಾವ್ರಿ, ಸರ?’

ಜೂನ್ ತಿಂಗಳಲ್ಲಿ ನಾನು ವಿಜಯಪುರದ ಪುಸ್ತಕದಂಗಡಿಗಳ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ. ಹೋದರೆ ಯಾರೋ ವಿದ್ಯಾರ್ಥಿ, ಇಲ್ಲವೇ ಅವರ ಅಪ್ಪ ಸಿಕ್ಕೇ ಸಿಗುತ್ತಾರೆ. ಕೈಯಲ್ಲಿ ಇಟ್ಟಿಗೆಯಂಥ ಡಿಕ್ಷನರಿ. ‘ಸರ, ಇದ್ರಾಗ ಒಂದ್ ಲಕ್ಷ ಶಬ್ದ ಅದಾವಂತ್ರಿ. ತಗೊಳ್ಲೇನ್ರಿ?’

22 ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಎಷ್ಟು ಶಬ್ದ ಇವೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ಶಬ್ದದ ಬಗ್ಗೆ ಎಷ್ಟು ಹೇಳಿದೆ ಎಂದು ಮಾತ್ರ ಒಬ್ಬರೂ ಕೇಳಿಲ್ಲ.

ಪಿಯುಸಿಯ ಒಬ್ಬ ಹುಡುಗ ಊರ ಜಾತ್ರೆಗೆ ಎರಡು ದಿನ ರಜೆ ಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದ. ‘ಐ ಡಿಮಾಂಡ್ ಟೂ ಡೇಸ್ ಲೀವ್.’ ಅವರು ಅರ್ಜಿ ವಾಪಸ್ ಕೊಟ್ಟು, ಎದುರಿಗೆ ನಿಲ್ಲಿಸಿ ಬೈದರು. ಹುಡುಗ ಸಂಜೆ ಅಳುಮುಖ ಮಾಡಿಕೊಂಡು ನನ್ನ ಕ್ಲಾಸಿಗೆ ಬಂದ. ‘ಡಿಕ್ಷನರಿ ನೋಡೇ ಬರದೀನ್ರಿ ಸರ’ ಎಂದು ತನ್ನ ಇಂಗ್ಲಿಷ್-ಕನ್ನಡ ಪಾಕೆಟ್ ಡಿಕ್ಷನರಿ ತೆರೆದು ತೋರಿಸಿದ. ಡಿಮಾಂಡ್ ಎದುರು ‘ಕೇಳು, ಬೇಡು’ ಎಂದಿತ್ತು. ಅವನದೇನು ತಪ್ಪು? ಇವನು ಕೇಳಿದ್ದು ಕೈಮುಗಿದು. ಅವರಿಗೆ ಕೇಳಿಸಿದ್ದು ಕೈ ಎತ್ತಿದ ಹಾಗೆ. ಡಿಮಾಂಡ್ ಅಂದರೆ ‘ಕೊಡಲೇಬೇಕು’ ಎಂದು ಪಟ್ಟು ಹಿಡಿದು ಕೇಳುವುದು ಅನ್ನುವ ಸಂಗತಿ ಆ ಎರಡು ಕನ್ನಡ ಶಬ್ದಗಳಲ್ಲಿ ಎಲ್ಲಿಯೂ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತು ಇದೇ. ಒಂದು ಭಾಷೆಯ ಒಂದು ಶಬ್ದಕ್ಕೆ ಇನ್ನೊಂದು ಭಾಷೆಯಲ್ಲಿ ಒಂದೇ ಶಬ್ದ ಕಾದು ಕುಳಿತಿರುವುದಿಲ್ಲ. ನಮ್ಮದೇ ‘ಖಡಕ್’ ತಗೊಳ್ಳಿ. ಖಡಕ್ ರೊಟ್ಟಿ ಇಂಗ್ಲಿಷಿನಲ್ಲಿ ಕ್ರಿಸ್ಪ್ ಆಗುತ್ತದೆ. ಖಡಕ್ ಚಹಾ ಸ್ಟ್ರಾಂಗ್. ಖಡಕ್ ಸಾಹೇಬರು ಸ್ಟ್ರಿಕ್ಟ್. ಸಾಹೇಬರನ್ನು ಕ್ರಿಸ್ಪ್ ಅಂದರೆ ರೊಟ್ಟಿ ಬುಟ್ಟಿಯಲ್ಲಿ ಕೂರಿಸಿದ ಹಾಗಾಯಿತು. ನಮಗೆ ಇದು ಹುಟ್ಟಿನಿಂದ ಗೊತ್ತು, ಯಾರೂ ಕಲಿಸಲಿಲ್ಲ. ಇಂಗ್ಲಿಷಿನ ಪ್ರತಿ ಶಬ್ದಕ್ಕೂ ಇಂಥದೇ ರೊಟ್ಟಿ, ಚಹಾ, ಸಾಹೇಬರು ಇರುತ್ತಾರೆ. ಅವರನ್ನು ತೋರಿಸಿಕೊಡುವ ಡಿಕ್ಷನರಿ ಬೇಕು.

ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ, ಇಂಗ್ಲಿಷಿನಲ್ಲೇ ಅರ್ಥ ಹೇಳುವ ಅಂಥ ಪುಸ್ತಕಕ್ಕೆ ಲರ್ನರ್ಸ್ ಡಿಕ್ಷನರಿ ಅನ್ನುತ್ತಾರೆ. ಅವುಗಳಲ್ಲಿ ತುಂಬ ಹೆಸರಾದ ಒಂದು ಹುಟ್ಟಿದ್ದು ಲಂಡನ್ನಿನಲ್ಲಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಎಂಬ ಮೇಷ್ಟ್ರು ಇಬ್ಬರು ಜೊತೆಗಾರರೊಂದಿಗೆ ಅಲ್ಲಿನ ಹುಡುಗರಿಗಾಗಿ ಮಾಡಿದ್ದು. ಟೋಕಿಯೊದಲ್ಲಿ 1942ರಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನೇ ತಮ್ಮ ಹೆಸರಿನಲ್ಲಿ ತಂದರು. ಇಂಗ್ಲಿಷ್ ಮನೆಮಾತಲ್ಲದ ಹುಡುಗರು ಎಲ್ಲಿ ಎಡವುತ್ತಾರೆ ಎಂದು ಕ್ಲಾಸಿನಲ್ಲಿ ಕಣ್ಣಾರೆ ಕಂಡವರು ಮಾಡಿದ ಪುಸ್ತಕ ಅದು. 1978ರಲ್ಲಿ ಬಂದ ಲಾಂಗ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುಮಾರು 2,000 ಸುಲಭ ಶಬ್ದಗಳಲ್ಲೇ ಉಳಿದೆಲ್ಲ ಶಬ್ದಗಳ ಅರ್ಥ ಬರೆಯಿತು. ‘ಅರ್ಥ ನೋಡಿದ್ರ ಅದರಾಗ ಮತ್ತೆರಡು ಶಬ್ದ ತಿಳಿಯಂಗಿಲ್ರಿ’ ಅನ್ನುವ ಗೋಳಿಗೆ ಇದೇ ಮದ್ದು. 1987ರ ಕೋಬಿಲ್ಡ್ ಅಂತೂ ಮೇಷ್ಟ್ರು ಬಾಯಲ್ಲಿ ಹೇಳಿದ ಹಾಗೆ ಪೂರ್ತಿ ವಾಕ್ಯದಲ್ಲೇ ಅರ್ಥ ಕೊಡುತ್ತದೆ. ಯಾವುದನ್ನು ಕೊಂಡರೂ ನನ್ನದೇನೂ ಅಡ್ಡಿಯಿಲ್ಲ. ಕೇಂಬ್ರಿಜ್‌ನದೂ ಚೆನ್ನಾಗಿದೆ.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು. ದೊಡ್ಡ ದೊಡ್ಡ ಶಬ್ದ ಹುಡುಕಬೇಡಿ. ‘ಡಿಸ್ಕಸ್’ ತೆಗೆಯಿರಿ. ಚರ್ಚಿಸು ಅನ್ನುವ ಅರ್ಥ ಎಲ್ಲದರಲ್ಲೂ ಇರುತ್ತದೆ. ನಾವು ‘ಅದರ ಬಗ್ಗೆ ಚರ್ಚಿಸೋಣ’ ಅನ್ನುತ್ತೇವಲ್ವಾ? ಆ ‘ಬಗ್ಗೆ’ಯನ್ನು ಇಂಗ್ಲಿಷಿಗೂ ಹೊತ್ತುಕೊಂಡು ಹೋಗಿ ‘ಡಿಸ್ಕಸ್ ಅಬೌಟ್’ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಅಬೌಟ್ ಬೇಡ. ಒಳ್ಳೆಯ ಡಿಕ್ಷನರಿಯ ಉದಾಹರಣೆ ವಾಕ್ಯ ನೋಡಿದರೆ ಸಾಕು, ಅದು ತಿಳಿಯುತ್ತದೆ. ಆಮೇಲೆ ‘ಅಡ್ವೈಸ್’. ಇದು ಎಣಿಸಲು ಬಾರದ ನಾಮಪದ, ಒಂದು ಅಡ್ವೈಸ್ ಎರಡು ಅಡ್ವೈಸ್ ಅನ್ನುವಂತಿಲ್ಲ ಎಂದು ತಿಳಿಸುವ ಗುರುತು ಇದೆಯೇ ನೋಡಿ. ಕೊನೆಗೆ ‘ಟೇಕ್’. ಅದಕ್ಕೆ ಕಾಲಂಗಟ್ಟಲೆ ಜಾಗ ಕೊಟ್ಟಿದ್ದರೆ ಪುಸ್ತಕ ತಗೊಳ್ಳಿ. ‘ತೆಗೆದುಕೊ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಲಕ್ಷ ಶಬ್ದ ಇದ್ದರೂ ಕೆಳಗಿಡಿ.

ಹೆಸರಿನಲ್ಲಿ ‘ಅಡ್ವಾನ್ಸ್ಡ್’ ಇದೆ ಎಂದು ಹತ್ತನೆಯ ತರಗತಿಯ ಮಗುವಿಗೆ ಅದನ್ನೇ ಕೊಡಿಸುವುದೂ ಬೇಡ. ನಡುಮಟ್ಟದವರಿಗೆ ಬೇರೆ, ಚಿಕ್ಕ ಪುಸ್ತಕಗಳಿವೆ. ಫುಟ್‌ಪಾತಿನ ಅಗ್ಗದ ಕಾಪಿಯಲ್ಲಿ ಉಚ್ಚಾರಣೆಯ ಗುರುತುಗಳು ಎಷ್ಟೋ ಸಲ ಮಸುಕಾಗಿರುತ್ತವೆ, ಹುಷಾರು. ದುಡ್ಡಿಲ್ಲದಿದ್ದರೆ ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂವರ ಡಿಕ್ಷನರಿಯೂ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಮೊಬೈಲ್ ಕೈಗೆ ಬಂದ ಹುಡುಗ ಡಿಕ್ಷನರಿಯನ್ನೇ ನೋಡುತ್ತಾನೆಂದು ನಾನು ಗ್ಯಾರಂಟಿ ಕೊಡಲಾರೆ.

ಇಂಗ್ಲಿಷ್-ಕನ್ನಡ ಡಿಕ್ಷನರಿಯನ್ನು ಅಟ್ಟಕ್ಕೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ‘ಲಿಝರ್ಡ್’ ಎಂದರೇನು ಎಂದು ಇಂಗ್ಲಿಷಿನಲ್ಲಿ ಓದಿದರೆ ನಾಲ್ಕು ಕಾಲು, ಉದ್ದ ಬಾಲ ಎಂದೆಲ್ಲ ಬರುತ್ತದೆ. ‘ಹಲ್ಲಿ’ ಎಂದರೆ ಒಂದೇ ಏಟಿಗೆ ಮುಗಿಯಿತು. ಓದಿ ಅರ್ಥ ಮಾಡಿಕೊಳ್ಳಲು ಅದು ಸಾಕು. ಬರೆಯುವಾಗ, ಮಾತಾಡುವಾಗ ಸಾಲದು.

ಒಮ್ಮೆ ಇಂಡಿ ಕಡೆಯ ಲಿಂಬೆ ತೋಟದ ಯಜಮಾನರೊಬ್ಬರು ಮಗಳ ಇಂಗ್ಲಿಷಿಗೆಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿ ತಂದಿದ್ದರು. ನೋಡಿದರೆ ಕಿಟೆಲ್ ನಿಘಂಟು! 1894ರಲ್ಲಿ ಮಂಗಳೂರಿನಲ್ಲಿ ಮೊದಲು ಅಚ್ಚಾದದ್ದು. ಕನ್ನಡ ಶಬ್ದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹೇಳುವಂಥದ್ದು. ಅದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದಾಗ ಅವರೇ, ‘ಇರ್ಲಿ ಬಿಡ್ರಿ ಸರ, ನಮ್ಮವ್ವ ಆಡೂ ಮಾತು ಭಾಳ ಅದಾವ ಇದ್ರಾಗ’ ಅಂದರು. ಮಗಳಿಗೆ ಬೇರೆ ಕೊಡಿಸಿದರು. ಕಿಟೆಲ್ ಅವರ ಮನೆಯಲ್ಲೇ ಉಳಿಯಿತು.

ಇನ್ನು ರಜೆ ಕೇಳಿದ ಹುಡುಗ. ಮರುದಿನ ‘ಐ ರಿಕ್ವೆಸ್ಟ್ ಫಾರ್ ಟೂ ಡೇಸ್ ಲೀವ್’ ಎಂದು ಬರೆದು ತಂದ. ನಾನು ತಿದ್ದಲಿಲ್ಲ. ಕಪಾಟಿನಲ್ಲಿದ್ದ ಲರ್ನರ್ಸ್ ಡಿಕ್ಷನರಿ ತೆಗೆದು ಮುಂದಿಟ್ಟೆ. ಬೆರಳಿಟ್ಟು ಸಾಲು ಸಾಲು ಓದಿದ. ಕಾಲು ಗಂಟೆ ಆದ ಮೇಲೆ ತಲೆ ಎತ್ತಿದ. ‘ಸರ, ಇದು ನಾಮಪದ ಆದ್ರ ಫಾರ್ ಬರ್ತೈತ್ರಿ. ಕ್ರಿಯಾಪದ ಆದ್ರ ಬರಂಗಿಲ್ರಿ.’ ಫಾರ್ ಹೊಡೆದುಹಾಕಿ ಮೂರನೆಯ ಅರ್ಜಿ ಬರೆದ. ಒಂದು ತಪ್ಪಿಲ್ಲ. ಪ್ರಿನ್ಸಿಪಾಲರು ಸಹಿ ಹಾಕುವಷ್ಟರಲ್ಲಿ ಊರಲ್ಲಿ ತೇರು ಎಳೆದಾಗಿತ್ತು.